ಕಂಡಕ್ಟರ್ ಕೂತ ದಿನ

ಮೂಡಿಗೆರೆ–ಕಳಸ ಬಸ್ಸಿನ ಕಂಡಕ್ಟರ್ ದೇವೇಂದ್ರ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಬಸ್ಸು ಓಡುವಾಗ ಕೂತವನಲ್ಲ. ತಿರುವುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ಅವನು ಕಂಬಿ ಹಿಡಿಯದೆ ಟಿಕೆಟ್ ಕೊಡುತ್ತಿದ್ದ. ಅದೇ ಅವನ ಹೆಮ್ಮೆ. ಹಾಗಾಗಿ ಬಾಳೂರು ದಾಟುತ್ತಲೇ ಅವನು ತೊಡೆ ಹಿಡಿದುಕೊಂಡು ಬಾಗಿಲ ಪಕ್ಕದ ಸೀಟಿಗೆ ಕುಸಿದ ದಿನ ಇಡೀ ಬಸ್ಸು ಹಿಂತಿರುಗಿ ನೋಡಿತು.

"ಏನಾಯ್ತು ಮಾರಾಯ?" ಎಂದಳು ಎಸ್ಟೇಟ್ ಕೆಲಸಕ್ಕೆ ಹೊರಟಿದ್ದ ಹುಚ್ಚಮ್ಮ.

"ಕಾಲೆಲ್ಲ ನೋವು ಅಜ್ಜಿ. ಕೊಲೆಸ್ಟ್ರಾಲಿಗೆ ಮಾತ್ರೆ ಶುರು ಮಾಡಿ ಒಂದೂವರೆ ತಿಂಗ್ಳು. ಆಮೇಲೇ ಹಿಡ್ಕೊಂಡಿದ್ದು."

ಅಷ್ಟು ಸಾಕಾಯಿತು. ಮೆಕ್ಯಾನಿಕ್ ಮೊಯ್ದು ಎಳ್ಳೆಣ್ಣೆ ತಿಕ್ಕಲು ಹೇಳಿದರು. ಅವರ ಪಕ್ಕ ಕೂತಿದ್ದ ಬೆಳ್ಳಿಯಪ್ಪ ಮಾತ್ರ ತಮ್ಮ ಭಾವನ ಕಥೆ ತೆಗೆದರು: ಅದೇ ಮಾತ್ರೆಯಿಂದ ಮರೆವು ಬಂದು, ಮದುವೆಗೆಂದು ಹೊರಟವನು ಯಾರದೋ ಗೃಹಪ್ರವೇಶದಲ್ಲಿ ಉಂಡು ಬಂದನಂತೆ.

"ನಿಮ್ಮ ಭಾವ ಮೊದ್ಲಿಂದ್ಲೂ ಹಾಗೇ!" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

"ಬಿಸಾಕು ಆ ಮಾತ್ರೆನ" ಎಂದು ಹುಚ್ಚಮ್ಮ ತೀರ್ಪು ಕೊಟ್ಟಳು. ದೇವೇಂದ್ರನ ಕೈ ಆಗಲೇ ಜೇಬಿಗೆ ಹೋಗಿತ್ತು, ಕಣ್ಣು ಕಿಟಕಿಯ ಕಡೆಗೆ.

ಅಷ್ಟರಲ್ಲಿ ಮುಂದಿನ ಸೀಟಿನಿಂದ ನರ್ಸ್ ಅರುಣಾ ಎದ್ದಳು. ಏರಿನಲ್ಲಿ ಬಸ್ಸು ಅರಚುತ್ತಿತ್ತು. ಅವಳೂ ಅದಕ್ಕೆ ತಕ್ಕಂತೆ ಗಂಟಲು ಏರಿಸಿದಳು. "ದೇವೇಂದ್ರಣ್ಣಾ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ಯಾ?"

ಡ್ರೈವರ್ ಗುರುವಯ್ಯ ಅದೇ ಕ್ಷಣಕ್ಕೆ ಗೇರು ಬದಲಿಸಿದ್ದರಿಂದ ಎಂಜಿನ್ನಿನ ಸದ್ದು ಅಡಗಿತ್ತು. ನಲವತ್ತು ಜನ ಉತ್ತರಕ್ಕೆ ಕಾದರು.

"ಇಲ್ಲ" ಎಂದ ದೇವೇಂದ್ರ, ಟಿಕೆಟ್ ಮೆಷಿನ್ನಿಗೆ ಹೇಳುವವನಂತೆ.

"ಕೇಳ್ಲಿಲ್ಲ!" ಎಂದಳು ಹುಚ್ಚಮ್ಮ.

"ಇಲ್ಲಾ ಅಂದ್ನಲ್ಲ!"

"ಹಾಗಾದ್ರೆ ಗಾಬರಿ ಬೇಡ" ಎಂದಳು ಅರುಣಾ. "ಕೆಲವ್ರಿಗೆ ಈ ಮಾತ್ರೆಯಿಂದ ಮಾಂಸಖಂಡ ನೋಯ್ತದೆ. ಮೂತ್ರದ ಬಣ್ಣ ಕಪ್ಪಾದ್ರೆ ಅಪಾಯ, ಅದಕ್ಕೇ ಕೇಳ್ದೆ. ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ಇವತ್ತೇ ಡಾಕ್ಟ್ರಿಗೆ ತೋರ್ಸಿ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಎರಡು ವಾರ ಮಾತ್ರೆ ಬಿಡಿಸಿ, ನೋವು ಇಳಿದ ಮೇಲೆ ಬೇರೆಯದನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟರು. ಆ ಎರಡು ವಾರ ಹತ್ತಿದವರೆಲ್ಲ ಟಿಕೆಟಿಗಿಂತ ಮೊದಲು ಅವನ ತೊಡೆಯನ್ನು ವಿಚಾರಿಸಿದರು. ಕೂತಲ್ಲೇ ಉತ್ತರಿಸಿ ಉತ್ತರಿಸಿ ಅವನಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಮೂರನೆಯ ವಾರ ಎದ್ದು ನಿಂತ.

ಹೊಸ ಮಾತ್ರೆ ಮೈಗೆ ಒಗ್ಗಿದೆ. ಮೊನ್ನೆ ಕೊಲೆಸ್ಟ್ರಾಲ್ ಇಳಿದಿದೆಯೆಂದು ರಿಪೋರ್ಟು ಬಂತು. ಈ ಸಲ ಬಸ್ಸಿನಲ್ಲಿ ಬಾಯಿ ಬಿಡಬಾರದೆಂದು ದೇವೇಂದ್ರ ಗಟ್ಟಿಯಾಗಿ ನಿಶ್ಚಯಿಸಿದ್ದ. ಮೂಡಿಗೆರೆ ಬಿಟ್ಟು ಬಣಕಲ್ ಮುಟ್ಟುವಷ್ಟರಲ್ಲಿ ಮೂವರಿಗೆ ರಿಪೋರ್ಟು ತೋರಿಸಿಯಾಗಿತ್ತು.