ಅಧ್ಯಕ್ಷರಿಲ್ಲದ ಗೋಡೆ

ನಿಮ್ಮ ಊರಿನ ಕಂಪ್ಯೂಟರುಗಳ ಹೊಟ್ಟೆಯೊಳಗೆ ಯಾವ ಬಣ್ಣದ ಧೂಳು ಕೂರುತ್ತದೋ ನನಗೆ ತಿಳಿಯದು. ನಮ್ಮ ಬಳ್ಳಾರಿಯಲ್ಲಿ ಅದು ನೀಲಿ. ಕೌಲ್ ಬಜಾರಿನ ಸುತ್ತಲಿನ ಓಣಿಗಳಲ್ಲಿ ಬೆಳಗಿನಿಂದ ಜೀನ್ಸ್ ಹೊಲಿಯುವ ಯಂತ್ರಗಳು ಗುರುಗುಟ್ಟುತ್ತಲೇ ಇರುವುದರಿಂದ, ಆ ಬಟ್ಟೆಯ ನವಿರಾದ ಎಳೆಗಳು ಬಿಸಿಗಾಳಿಯಲ್ಲಿ ತೇಲಿ ಬಂದು ಕಿಟಕಿಯ ಸರಳಿನ ಮೇಲೆ, ಚಹಾದ ಕೆನೆಯ ಮೇಲೆ, ಕೊನೆಗೆ ಕಂಪ್ಯೂಟರಿನ ಫ್ಯಾನಿನ ರೆಕ್ಕೆಗಳ ಮೇಲೆ ಸದ್ದಿಲ್ಲದೆ ಕುಳಿತುಬಿಡುತ್ತವೆ. ಹಳೆಯ ಕಂಪ್ಯೂಟರೊಂದರ ಮುಚ್ಚಳ ತೆಗೆದು, ಬಣ್ಣ ಬಳಿಯುವ ಬ್ರಷ್ಷಿನಿಂದ ಆ ನೀಲಿ ಹತ್ತಿಯನ್ನು ಮೆಲ್ಲಗೆ ಗುಡಿಸಿ ತೆಗೆಯುವುದೇ ನಾನು ನಜೀರ್ ಭಾಯ್ ಅವರ ಕೋಣೆಯಲ್ಲಿ ಕಲಿತ ಮೊದಲ ಪಾಠ.

ಕೋಣೆ ಎಂದರೆ ಅವರ ಚಿಕ್ಕಪ್ಪನ ಮುಚ್ಚಿದ ಕಿರಾಣಿ ಅಂಗಡಿಯ ಮೇಲಿನ ಮಾಳಿಗೆ. ನಜೀರ್ ಭಾಯ್ ಮೊದಲು ಒಂದು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದರು. ಎಲ್ಲರ ಕೈಗೂ ಫೋನು ಬಂದು ಕೆಫೆ ಮುಚ್ಚಿದಾಗ, ಅಲ್ಲಿನ ಸತ್ತ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಹೋಗಗೊಡದೆ ಈ ಮಾಳಿಗೆಗೆ ಹೊತ್ತು ತಂದರು. ಹಗಲು ಯುಪಿಎಸ್ ರಿಪೇರಿಯ ದುಡಿಮೆ, ಸಂಜೆ ಈ ಯಂತ್ರಗಳ ಆರೈಕೆ. ಒಂದರ ಮೆಮೊರಿ ಇನ್ನೊಂದಕ್ಕೆ, ಮತ್ತೊಂದರ ಪವರ್ ಸಪ್ಲೈ ಮಗದೊಂದಕ್ಕೆ ಜೋಡಿಸಿ ಜೀವ ಬರಿಸಿ, ಬೇಕೆಂದವರಿಗೆ ಬಳಸಲು ಬಿಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಸಿಟ್ಟಿನಿಂದ. ಮುದ್ರಣದ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಅಕ್ಷರ ಜೋಡಿಸುವುದು ನನ್ನ ಕೆಲಸ. ಯಜಮಾನರು ಹೊಸ ಕಂಪ್ಯೂಟರ್ ತಂದ ದಿನ, ನಾನು ವರ್ಷಗಟ್ಟಲೆ ಟೈಪು ಮಾಡಿದ್ದ ಕನ್ನಡವೆಲ್ಲ ಅರ್ಥವಿಲ್ಲದ ಗೀಚುಗಳಾಗಿ ತೆರೆಯ ಮೇಲೆ ಹರಡಿಕೊಂಡಿತು. ನನ್ನ ಭಾಷೆಯಲ್ಲಿ ನಾನೇ ಬರೆದದ್ದನ್ನು ಓದಲು ಯಾವುದೋ ಕಂಪನಿಯ ತಂತ್ರಾಂಶ ಅಪ್ಪಣೆ ಕೊಡಬೇಕೆಂದರೆ ಯಾರಿಗೆ ತಾನೆ ಸಿಟ್ಟು ಬಾರದು? ಭಾಯ್ ಅದನ್ನು ಎರಡು ಸಂಜೆಗಳಲ್ಲಿ ಸರಿಪಡಿಸಿಕೊಟ್ಟು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಗಳೂ ಲೋಕದಲ್ಲಿವೆಯೆಂದು ತೋರಿಸಿದರು. ಚಹಾ ಕೊಡುತ್ತ, ತಾವು ಅರಾಜಕವಾದಿ ಎಂದೂ ಹೇಳಿಕೊಂಡರು.

ನಾನು ಲೋಟ ಕೆಳಗಿಟ್ಟೆ. ಅರಾಜಕತೆ ಎಂಬ ಪದವನ್ನು ನಾನು ಎಷ್ಟೋ ಕರಪತ್ರಗಳಲ್ಲಿ ಜೋಡಿಸಿದ್ದೇನೆ. ಅದರ ಪಕ್ಕದಲ್ಲಿ ಯಾವಾಗಲೂ ಕಲ್ಲು, ಬೆಂಕಿ, ಒಡೆದ ಗಾಜು ಇರುತ್ತಿದ್ದವು.

“ಗಲಾಟಿ ಅಲ್ರಿ ಅಕ್ಕಾ,” ಎಂದು ಅವರು ನಕ್ಕರು. “ರಾಜ ಇಲ್ದಿದ್ರೂ ಜನ ಬಾಳೇ ಮಾಡ್ತಾರ ಅನ್ನೋ ನಂಬಿಕಿ, ಅಷ್ಟ. ಈ ಪ್ರೋಗ್ರಾಮ್ ಬರದೋರಿಗೂ ಯಾರೂ ಹುಕುಂ ಕೊಟ್ಟಿಲ್ಲ. ಬೇಕಿತ್ತು, ಕೂಡಿ ಬರದ್ರು.”

ಆ ಮಾತು ನನ್ನೊಳಗೆ ಬಹಳ ದಿನ ಸುಳಿಯಿತು. ನಮ್ಮ ಕನ್ನಡ ಸೋಜಿಗದ ಭಾಷೆ: ಆಳು ಎಂದರೆ ದೊರೆತನ ನಡೆಸು ಎಂಬ ಆಜ್ಞೆಯೂ ಹೌದು, ಕೂಲಿಗೆ ಬಂದವರ ಹೆಸರೂ ಹೌದು. ಆಳುವವರನ್ನೂ ಆಳುಗಳನ್ನೂ ಒಂದೇ ಪದದಲ್ಲಿ ಕೂರಿಸಿದ ನಮ್ಮ ಹಿರಿಯರು ತಿಳಿದು ಮಾಡಿದರೋ ತಿಳಿಯದೆಯೋ. ಆ ಪದ ಬಾಯಿಗೆ ಬಂದಾಗಲೆಲ್ಲ ನಾನೀಗ ಒಂದು ಕ್ಷಣ ತಡೆಯುತ್ತೇನೆ.

ನಿಧಾನವಾಗಿ ಕೋಣೆಗೆ ಜನ ಸೇರಿದರು. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಏನು ಮಾಡುವುದಿದ್ದರೂ ಚಾಪೆಯ ಮೇಲೆ ದುಂಡಗೆ ಕೂತು, ಎಲ್ಲರೂ ಹೂಂ ಎನ್ನುವವರೆಗೆ ಮಾತಾಡುವುದು. ಹಾಗೆ ಮಾತಾಡುತ್ತಲೇ ಹುಟ್ಟಿದ್ದು ನಮ್ಮ ‘ಗೋಡೆ’. ಮಾಳಿಗೆಯ ಒಂದು ಹಳೆಯ ಕಂಪ್ಯೂಟರಿಗೆ ವೈಫೈ ಪೆಟ್ಟಿಗೆ ಜೋಡಿಸಿದೆವು. ಓಣಿಯಲ್ಲಿ ನಿಂತು ಫೋನು ತೆರೆದರೆ ಕನ್ನಡದ ಒಂದು ಪುಟ ಕಾಣುತ್ತಿತ್ತು; ಯಾರು ಬೇಕಾದರೂ ಓದಬಹುದು, ಹೆಸರು ಹೇಳದೆಯೂ ಬರೆಯಬಹುದು. ಹೊರಗಿನ ಇಂಟರ್‌ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಪ್ರೋಗ್ರಾಮ್ ಭಾಯ್ ಅವರದು, ಪುಟದ ಕನ್ನಡ ನನ್ನದು. ಯಾವ ಹೊಲಿಗೆ ಯೂನಿಟ್ಟಿನಲ್ಲಿ ಕೆಲಸ ಖಾಲಿಯಿದೆ, ಎಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಕೆಮ್ಮಿಗೆ ಯಾವ ವೈದ್ಯರು ಒಳ್ಳೆಯವರು ಎಂದು ಜನ ಬರೆಯತೊಡಗಿದರು. ಸಂಜೆ ಬಸ್ಸಿಗೆ ಹೊರಟ ಹೊಲಿಗೆಯ ಹೆಂಗಸರು ನಮ್ಮ ಕಿಟಕಿಯ ಕೆಳಗೆ ಗಳಿಗೆ ಹೊತ್ತು ನಿಂತು, ಫೋನಿನೊಳಗೆ ಕಣ್ಣಿಟ್ಟು ಓದುವುದನ್ನು ಮೇಲಿನಿಂದ ನೋಡುವುದೇ ಒಂದು ಸುಖವಾಗಿತ್ತು.

ಅವರಲ್ಲಿ ಒಬ್ಬಳು ರೇಣುಕಾ. ಕುರುಗೋಡು ತಾಲೂಕಿನ ಬಾದನಹಟ್ಟಿಯವಳು. ದಿನಾ ಬಸ್ಸಿನಲ್ಲಿ ಬಂದು ಹೋಗಿ, ಒಂದು ಜೀನ್ಸ್ ಯೂನಿಟ್ಟಿನಲ್ಲಿ ಜೇಬು ಕೂರಿಸುವ ಕೆಲಸ ಮಾಡುತ್ತಿದ್ದಳು. ಮೊದಮೊದಲು ಕೆಳಗೇ ನಿಂತು ಓದುತ್ತಿದ್ದವಳು ಒಂದು ದಿನ ಮೆಟ್ಟಿಲು ಹತ್ತಿ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಮಾತು ಕಡಿಮೆ. ಆಮೇಲೆ ಬಿಡುವಾದಾಗಲೆಲ್ಲ ಬಂದು ಕೂರುವುದನ್ನು ತಪ್ಪಿಸಲಿಲ್ಲ.

ಒಂದು ಸಂಜೆ ನಾವೆಲ್ಲ ಕೂತಿದ್ದಾಗ ಅವಳು ಕೇಳಿದಳು: “ಅಣ್ಣಾ, ಗೋಡಿ ಮ್ಯಾಲ ಒಬ್ಬ ಮೇಸ್ತ್ರಿ ಬಗ್ಗೆ ಬರದಿತ್ತಲ್ಲ, ಅದೆಲ್ಲಿ ಹೋತು?”

ಅದನ್ನು ನಾನೂ ಓದಿದ್ದೆ. ಯೂನಿಟ್ಟಿನ ಹೆಸರು ಬರೆದು, ಅಲ್ಲಿನ ಮೇಸ್ತ್ರಿ ದಾರದುಂಡೆ ಕೊಡುವ ನೆಪದಲ್ಲಿ ಹುಡುಗಿಯರ ಕೈ ಹಿಡಿಯುತ್ತಾನೆ, ಹೊಸದಾಗಿ ಸೇರುವವರು ತಿಳಿದಿರಿ ಎಂದು ಯಾರೋ ಎಚ್ಚರಿಸಿದ್ದರು. ಈಗ ಅದು ಇರಲಿಲ್ಲ.

ನಜೀರ್ ಭಾಯ್ ಅಡಗಿಸಲಿಲ್ಲ. “ನಾನs ಅಳಿಸಿದೆ. ಆ ಯೂನಿಟ್ಟಿನೋರು ದೊಡ್ಡ ಮಂದಿ. ಯಾರನ್ನಾದ್ರೂ ಕಳಿಸಿ ಮಷೀನ್ ಎತ್ತಿಕೊಂಡು ಹೋದ್ರ ಎಲ್ಲಾ ಹೋಗ್ತೈತಿ. ಗೋಡಿ ಉಳೀಲಿ ಅಂತ ಒಂದು ಮಾತು ಅಳಿಸಿದೆ.”

“ಗೋಡಿ ಉಳಿಸಾಕ ಮಾತು ಅಳಿಸಿದ್ರ, ಕಡೀಕ ಉಳಿಯೋದು ಬರೀ ಗೋಡಿ,” ಎಂದಳು ರೇಣುಕಾ. ದನಿ ಏರಿರಲಿಲ್ಲ. “ಇಲ್ಲಿ ಅಧ್ಯಕ್ಷರಿಲ್ಲ ಅಂದ್ರಿ. ನೀವೊಬ್ರ ಅಳಿಸಬೌದು, ನಾವ್ಯಾರೂ ಅಳಿಸಾಕ ಬರಂಗಿಲ್ಲ ಅಂದ್ರ, ಅದಕ್ಕೇನಂತಾರ? ಅದನ್ನ ಬರದಾಕಿ ನಾನು. ಆ ಮನಷ್ಯಾ ಹಿಡಿದಿದ್ದು ನನ್ನ ಕೈ.”

ತಮ್ಮನ್ನು ದೊರೆ ಎಂದು ಯಾರಾದರೂ ಕರೆಯಬಹುದೆಂದು ನಜೀರ್ ಭಾಯ್ ಕನಸಿನಲ್ಲೂ ಎಣಿಸಿರಲಾರರು. ಎದ್ದು ಚಪ್ಪಲಿ ಮೆಟ್ಟಿ ಕೆಳಗಿಳಿದು ಹೋದರು.

ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಬಂದು, ಕಂಪ್ಯೂಟರ್ ಹೊಸದಾಗಿ ಎದ್ದು ಪಾಸ್‌ವರ್ಡ್ ಕೇಳುತ್ತ ಕೂತಿತು. ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ, ಅದನ್ನು ತೆಗೆಯುವುದಕ್ಕೆ ಕೀಲಿಕೈ. ಬೀಗ ಗೋಡೆಯದು, ಕೈ ಮಾತ್ರ ಒಬ್ಬರದು ಎಂಬುದು ಆ ಪದದಲ್ಲೇ ಇತ್ತು. ಅಕ್ಷರದ ಕೆಲಸದವಳಾದ ನನಗೇ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕಿಟಕಿಯ ಕೆಳಗೆ ಹೆಂಗಸರು ಬಂದು ನಿಂತು, ಫೋನು ಅಲುಗಾಡಿಸಿ ನೋಡಿ, ಮೇಲಕ್ಕೊಮ್ಮೆ ದಿಟ್ಟಿಸಿ ಬಸ್ಸಿಗೆ ನಡೆಯುತ್ತಿದ್ದರು.

ಭಾಯ್ ಸಿರುಗುಪ್ಪದ ಅಕ್ಕನ ಮನೆಯಲ್ಲಿದ್ದಾರೆಂದು ತಿಳಿದು, ರಜೆಯ ದಿನ ನಾನೂ ರೇಣುಕಾಳೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಲುವೆಯ ನೀರು, ನಾಟಿ ಮಾಡಿದ ಭತ್ತದ ಗದ್ದೆ. ಬಳ್ಳಾರಿಯ ಬಂಡೆಗಳನ್ನೇ ಕಂಡ ಕಣ್ಣಿಗೆ ಅಷ್ಟೊಂದು ಹಸಿರು ಸುಳ್ಳೆನಿಸುತ್ತದೆ. ರೇಣುಕಾ ಕಿಟಕಿಯಾಚೆ ನೋಡುತ್ತ, “ನಾ ಜಾಸ್ತಿ ಅಂದೆನಾ ಅಕ್ಕಾ?” ಎಂದಳು. “ಅನ್ನಬೇಕಿದ್ದದ್ದನ್ನs ಅಂದಿ,” ಎಂದೆ.

ಭಾಯ್ ಅಂಗಳದಲ್ಲಿ ಒಂದು ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. ಅವರ ಅಕ್ಕ ನಮಗೆ ನೀರು ಕೊಟ್ಟು, “ಬಂದಾಗಿಂದ ಮನ್ಯಾಗಿನ ಎಲ್ಲಾ ಸಾಮಾನು ಬಿಚ್ಚಾಕತ್ತಾನ, ಕರಕೊಂಡು ಹೋಗ್ರಿ ತಾಯಿ,” ಎಂದರು. ಭಾಯ್ ತಲೆ ಎತ್ತದೆ ಹೇಳಿದರು: “ಪಾಸ್‌ವರ್ಡ್ ಹೇಳ್ತೀನಿ, ತಗೊಳ್ರಿ. ನಾ ಇನ್ನ ಬರಂಗಿಲ್ಲ.”

“ನನಗ ಬ್ಯಾಡ,” ಎಂದಳು ರೇಣುಕಾ.

ಅವರು ತಲೆಯೆತ್ತಿದರು.

“ನಿಮ್ಮ ಕೈಯಾಗಿಂದು ನನ್ನ ಕೈಯಾಗ ಬಂದ್ರ ನಾಳಿ ನಾನs ನೀವಾಗ್ತೀನಿ. ಕೀಲಿನs ಬದಲಿ ಮಾಡಬೇಕು, ಅಣ್ಣಾ. ಹೆಂಗಂತ ನಂಗೊತ್ತಿಲ್ಲ. ಅದಕ್ಕs ಬಂದೀನಿ.”

ನಜೀರ್ ಭಾಯ್ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಆಮೇಲೆ, “ನಿನ್ನ ಕೈ ಹಿಡಿದಾವನ್ನ ಬಿಟ್ಟು ನಿನ್ನ ಮಾತು ಅಳಿಸಿದೆ, ತಂಗಿ,” ಎಂದರು. ಮಿಕ್ಸರನ್ನು ಜೋಡಿಸಿಟ್ಟು ನಮ್ಮೊಂದಿಗೇ ಬಸ್ಸು ಹತ್ತಿದರು.

ನಂತರದ ವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಭಾಯ್ ತಾವು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ನಾವು ಅರ್ಥವಾಗದಲ್ಲಿ ತಡೆದು ಕೇಳುತ್ತಿದ್ದೆವು. ತಾನು ಬರೆದದ್ದನ್ನು ಇನ್ನೊಬ್ಬರು ಮುರಿಯುವುದನ್ನು ಕಣ್ಣಾರೆ ನೋಡುವುದು ಸುಲಭವಲ್ಲ. ನಾವು ಕೆಡಿಸಿದಾಗಲೆಲ್ಲ ಅವರ ಬೆರಳು ಕೀಲಿಮಣೆಯತ್ತ ಹಾರುತ್ತಿತ್ತು, ಮತ್ತೆ ತಾನಾಗಿಯೇ ಹಿಂದಕ್ಕೆ ಬರುತ್ತಿತ್ತು. ಕೊನೆಗೆ ಗೋಡೆಗೆ ಹೊಸ ಕಟ್ಟಳೆ ಬಂತು: ಕೋಣೆಗೆ ಬರುವವರೆಲ್ಲರಿಗೂ ತಮ್ಮತಮ್ಮ ಪಾಸ್‌ವರ್ಡು, ಯಾವ ಮಾತನ್ನು ಅಳಿಸಬೇಕಾದರೂ ಮೂವರು ಒಪ್ಪಬೇಕು, ಅಳಿಸಿದ ಜಾಗದಲ್ಲಿ ಇಲ್ಲೊಂದು ಮಾತಿತ್ತು ಎಂಬ ಗುರುತು ಉಳಿಯಬೇಕು.

ರೇಣುಕಾ ತನ್ನ ಮಾತನ್ನು ಮತ್ತೆ ಬರೆದಳು. ಈ ಸಲ ಕೆಳಗೆ ಹೆಸರನ್ನೂ ಹಾಕಿದಳು.

ಮೂರನೆಯ ದಿನ ಆ ಯೂನಿಟ್ಟಿನ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತ, ಸಿಟ್ಟಿನಲ್ಲಿ ಮನೆಮಾತಿಗೇ ಹೊರಳಿ, “ಇಕ್ಕಡ ಪೆದ್ದವಾಳ್ಳು ಎವರಮ್ಮಾ?” ಎಂದು ಕೇಳಿದರು. ಇಲ್ಲಿ ಹಿರಿಯರು ಯಾರು ಎಂಬುದು ಅವರ ಪ್ರಶ್ನೆ; ತೆಲುಗಿನಲ್ಲಿ ಪೆದ್ದ ಎಂದರೆ ಹಿರಿಯ. ನಮ್ಮ ಕನ್ನಡದಲ್ಲಿ ದಡ್ಡ. ಎರಡೂ ಬಲ್ಲ ರೇಣುಕಾ ಎದ್ದು ನಿಂತು, “ಇಲ್ಲಿ ಪೆದ್ದರು ಯಾರೂ ಇಲ್ರಿ,” ಎಂದಳು.

ಯಾರೋ ಕಿಸಕ್ಕೆಂದರು. ಮ್ಯಾನೇಜರು ನಗಲಿಲ್ಲ. ಅವರು ಗದರಿಸಲು ಬಂದಿದ್ದರೋ ಒಲಿಸಿಕೊಳ್ಳಲು ಬಂದಿದ್ದರೋ, ಎರಡಕ್ಕೂ ಎದುರಿಗೆ ಒಬ್ಬರು ಬೇಕಲ್ಲ. ಆ ಒಬ್ಬರು ಅಲ್ಲಿರಲಿಲ್ಲ. ಅವರ ಕಣ್ಣು ನಜೀರ್ ಭಾಯ್ ಮೇಲೆ ನಿಂತಿತು. “ಅಳಿಸು,” ಎಂದರು. “ನಂಗೊಬ್ನಿಗೆ ಬರಂಗಿಲ್ರಿ,” ಎಂದರು ಭಾಯ್, ಬಲು ಹಗುರಾಗಿ. “ನಿಮ್ಮ ಮಾತೂ ಬರೀರಿ ಬೇಕಾದ್ರ. ಯಾರೂ ಅಳಿಸಂಗಿಲ್ಲ.”

ಆಶ್ಚರ್ಯವೆಂದರೆ, ಅವರು ಕಂಪ್ಯೂಟರಿನ ಮುಂದೆ ಕೂತರು. ಕನ್ನಡ ಟೈಪು ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಅಕ್ಷರ ತೋರಿಸಿದೆ. ಒಂದು ಬೆರಳಿನಿಂದ ಒತ್ತುತ್ತ ಹೋದಂತೆ, ‘ಸುಳ್ಳು’ ಎಂದು ಶುರುಮಾಡಿದವರು ಒತ್ತಕ್ಷರ ಹುಡುಕುವುದರಲ್ಲಿ ತಡೆದು, ಅದನ್ನು ಅಳಿಸಿ, ವಿಚಾರಿಸುತ್ತೇವೆ ಎಂದಷ್ಟೇ ಬರೆದು ಎದ್ದು ಹೋದರು. ಬಾಯಿಂದ ಹೊರಡುವಷ್ಟು ಸಲೀಸಾಗಿ ಸುಳ್ಳು ಬೆರಳಿನಿಂದ ಹೊರಡುವುದಿಲ್ಲವೋ ಏನೋ.

ಎಲ್ಲ ಸುಖವಾಯಿತೆಂದು ನಾನು ಹೇಳಲಾರೆ. ಮೇಸ್ತ್ರಿಯನ್ನು ಬಿಡಿಸಿದರು, ಕೆಲವೇ ದಿನಗಳಲ್ಲಿ ರೇಣುಕಾಳನ್ನೂ ಬಿಡಿಸಿದರು, ಆರ್ಡರ್ ಕಡಿಮೆಯಾಗಿದೆ ಎಂಬ ನೆಪ ಹೇಳಿ. ಅವಳು ಬಳ್ಳಾರಿಗೆ ಬರುವುದನ್ನು ನಿಲ್ಲಿಸಿ ಕುರುಗೋಡಿನಲ್ಲೇ ನಾಲ್ಕಾರು ಹೆಂಗಸರೊಂದಿಗೆ ಹೊಲಿಗೆ ಶುರುಮಾಡಿದಳು. ಹೋಗುವಾಗ ಮಾಳಿಗೆಯಿಂದ ಒಂದು ಹಳೆಯ ಕಂಪ್ಯೂಟರನ್ನೂ ನಮ್ಮ ಪ್ರೋಗ್ರಾಮಿನ ಪ್ರತಿಯನ್ನೂ ಒಯ್ದಳು.

ಮಳೆಗಾಲದ ಹೊತ್ತಿಗೆ ಕುರುಗೋಡಿನಲ್ಲಿ ಅವರು ಕಟ್ಟಿಕೊಂಡ ಗೋಡೆ ನೋಡಲು ನಾನೂ ಭಾಯ್ ಅವರೂ ಹೋದೆವು. ನಮ್ಮದರಂತಿರಲಿಲ್ಲ ಅದು. ಹಾಡು ಹೇಳಿ ಧ್ವನಿಯಲ್ಲೇ ಇಡುವ ಸೌಲಭ್ಯ ಮಾಡಿಕೊಂಡಿದ್ದರು, ಓದಲು ಬಾರದವರಿಗಾಗಿ. ಮೂವರ ಬದಲು ಎಲ್ಲರೂ ಒಪ್ಪಬೇಕೆಂದು ಕಟ್ಟಳೆ ತಿದ್ದಿದ್ದರು. ಭಾಯ್ ಪ್ರೋಗ್ರಾಮ್ ತೆರೆದು ನೋಡುತ್ತ ಒಂದು ಸಾಲಿನಲ್ಲಿ ತಡೆದರು, ಹುಬ್ಬು ಗಂಟಿಕ್ಕಿತು. ಏನೂ ಹೇಳದೆ ಮುಚ್ಚಿ, ಕೊಟ್ಟ ಮಂಡಕ್ಕಿ ತಿಂದರು.

ವಾಪಸು ಬಸ್ಸಿನಲ್ಲಿ ಮೆಲ್ಲಗೆ ಹೇಳಿದರು: “ಒಂದು ತಪ್ಪೈತಿ ಅಕ್ಕಾ. ಮಷೀನ್ ತುಂಬಿದ ಕೂಡ್ಲೆ ಹಳೇ ಮಾತು ತಾವs ಉದರಿ ಹೋಗ್ತಾವ. ಯಾರ ಒಪ್ಪಿಗೀನೂ ಕೇಳಂಗಿಲ್ಲ.”

“ಮತ್ತ ಹೇಳಬೇಕಿಲ್ಲೇನ್ರಿ?”

“ಕೇಳಿದ್ರ ಹೇಳ್ತೀನಿ.”

ಅವರು ಆ ವಾರವೆಲ್ಲ ಫೋನನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದರು. ಸುಮ್ಮನಿರುವುದು ತಾಳ್ಮೆಯೂ ಇರಬಹುದು, ಇನ್ನೊಂದು ಬಗೆಯ ಹಮ್ಮೂ ಇರಬಹುದು. ಗೊತ್ತಿದ್ದೂ ಕೈ ಕಟ್ಟಿ ಕೂರುವವರ ಮುಖ ಎಷ್ಟು ದಣಿದಿರುತ್ತದೆ ಎಂಬುದನ್ನಷ್ಟೇ ನಾನು ಬಲ್ಲೆ. ಶನಿವಾರ ಸಂಜೆ ರೇಣುಕಾಳ ಫೋನು ಬಂತು. ಭಾಯ್ ಸ್ಪೀಕರಿಗೆ ಹಾಕಿ, ಅವಳು ಬಾಯಿ ತೆರೆಯುವ ಮೊದಲೇ, “ಹೇಳವ್ವ, ಏನಾತು? ಏನು ಕೇಳಬೇಕಿತ್ತು?” ಎಂದರು.

“ಕೇಳಾಕ ಮಾಡಿಲ್ಲ ಅಣ್ಣಾ, ಹೇಳಾಕ ಮಾಡೀನಿ,” ಎಂದಿತು ಆ ಕಡೆಯ ದನಿ. “ಹಳೇ ಮಾತು ಉದರಿ ಹೋಗಾಕತ್ತಿದ್ವು. ಹುಡುಕಿದಿವಿ, ಸಿಕ್ತು. ಈಗ ನಿಂತೈತಿ. ನಿಮ್ಮ ಬಳ್ಳಾರಿ ಗೋಡ್ಯಾಗೂ ಅದs ಐತಿ, ನೋಡ್ಕೊಳ್ರಿ.”

ಭಾಯ್ ಎದ್ದು ಹೋಗಿ ನಮ್ಮ ಕಂಪ್ಯೂಟರಿನಲ್ಲಿ ಆ ಸಾಲನ್ನು ತೆರೆದು ನೋಡಿದರು. ನಿಜ, ಅದು ಅವರೇ ಬರೆದ ಸಾಲು, ಮೊದಲಿನಿಂದಲೂ ಅಲ್ಲೇ ಇತ್ತು. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, “ಇರು ತಂಗಿ,” ಎಂದು ಫೋನನ್ನು ಕೀಲಿಮಣೆಯ ಪಕ್ಕದಲ್ಲಿಟ್ಟು, “ಹೆಂಗ ತಿದ್ದಿದ್ರಿ ಅಂತ ನಂಗೊಂದಿಷ್ಟು ಹೇಳಿಕೊಡು,” ಎಂದರು.