ಯಾವ ಹಂಪಾಪುರ?

ಸರಗೂರಿನ ಹಿಟ್ಟಿನ ಮಿಲ್ಲಿನಲ್ಲಿ ಇಪ್ಪತ್ತನಾಲ್ಕು ವರ್ಷ ರಾಗಿ ಬೀಸಿದ ಕರಿಯಯ್ಯನಿಗೆ ಎರಡೇ ಎರಡು ಚಟ. ಒಂದು ಎಲೆಯಡಿಕೆ, ಇನ್ನೊಂದು ಮೈಸೂರಿನ ಬೆಳ್ಳಿಚುಕ್ಕಿ ಆರ್ಕೆಸ್ಟ್ರಾ. ಎಲೆಯಡಿಕೆಯನ್ನಾದರೂ ಹಲ್ಲುನೋವು ಬಂದಾಗ ನಾಲ್ಕು ದಿನ ಬಿಟ್ಟಿದ್ದುಂಟು, ಬೆಳ್ಳಿಚುಕ್ಕಿಯನ್ನು ಬಿಟ್ಟವನಲ್ಲ. ಅವರ ಏಳು ಕ್ಯಾಸೆಟ್ಟುಗಳೂ ಅವನ ಹತ್ತಿರ ಇದ್ದವು. ಮೂರರಲ್ಲಿ ರೀಲು ಸಿಕ್ಕಿಕೊಂಡು, ಪೆನ್ಸಿಲು ತೂರಿಸಿ ಸುತ್ತಿ ಸುತ್ತಿ, ಹಾಡುಗಾರ ನೀಲಕಂಠಸ್ವಾಮಿಯ ದನಿ ಶೀತವಾದವರಂತೆ ಎಳೆಯುತ್ತಿತ್ತು. ಇಷ್ಟಾದರೂ ಆ ತಂಡವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕಂಡಿದ್ದು ಕ್ಯಾಸೆಟ್ಟಿನ ಮೇಲಿನ ಹೆಬ್ಬೆರಳಗಲದ ಫೋಟೋ ಮಾತ್ರ.

ತೊಂಬತ್ತೆಂಟರ ನವೆಂಬರಿನಲ್ಲಿ ಮಿಲ್ಲಿನ ಪಕ್ಕದ ಎಸ್‌ಟಿಡಿ ಬೂತಿಗೆ ಅವನ ಹೆಂಡತಿ ಸಾಕಮ್ಮನ ತಮ್ಮ ನಟರಾಜು ಫೋನು ಮಾಡಿದ.

“ಭಾವ, ಈ ಭಾನುವಾರ ನಮ್ಮ ಅಂಪಾಪುರದಲ್ಲಿ ಬೆಳ್ಳಿಚುಕ್ಕಿ ಆರ್ಕೆಸ್ಟ್ರಾ! ರಾಜ್ಯೋತ್ಸವದ ಪ್ರೋಗ್ರಾಮು, ಸ್ಕೂಲ್ ಫೀಲ್ಡಲ್ಲಿ. ಎರಡು ಗಂಟೆಗೆ. ಅಕ್ಕನ್ನೂ ಕರ್ಕಂಡ್ ಬನ್ನಿ.”

ಆಮೇಲೆ ಇನ್ನೂ ಏನೇನೋ ಹೇಳಿದ. ಕರಿಯಯ್ಯ ಎಲ್ಲದಕ್ಕೂ “ಹೂಂ ಕಣಪ್ಪ, ಹೂಂ” ಎಂದು ಫೋನಿಟ್ಟ. ಹಂಪಾಪುರ ಅವನಿಗೇನು ಹೊಸದೇ? ಎಚ್.ಡಿ. ಕೋಟೆಯಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲೇ ಇದೆ.

ಆ ‘ಹೂಂ’ಗಳ ಹಿಂದೆ ಒಂದು ಗುಟ್ಟಿತ್ತು. ಎರಡು ವರ್ಷದಿಂದ ಕರಿಯಯ್ಯನ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಿಲ್ಲಿನ ಸದ್ದು ಒಳಗೆ ಕೂತು ತಿಂದು ಹಾಕಿತ್ತು. ಮೊದಲು ಹೋಗಿದ್ದು ಹಕ್ಕಿಯ ದನಿ, ಆಮೇಲೆ ಬಳೆಯ ಸದ್ದು, ಆಮೇಲೆ ಅಡುಗೆಮನೆಯಿಂದ ಬರುವ ಕೂಗು. ಎದುರಿಗಿದ್ದವರ ತುಟಿ ನೋಡಿ ಅಂದಾಜಿನ ಮೇಲೆ ಸಂಸಾರ ದೂಡುತ್ತಿದ್ದ. ಹಿಂದಿನ ತಿಂಗಳು ಸಿದ್ದಲಿಂಗಮ್ಮ ಎಂಬ ಗಿರಾಕಿ ಅಕ್ಕಿಯನ್ನು ಉಪ್ಪಿಟ್ಟಿಗೆ ತರಿಯಾಗಿ ಒಡೆದುಕೊಡು ಅಂದರೆ, ಇವನು ಮುಖಕ್ಕೆ ಬಳಿಯುವ ಪೌಡರಿನಷ್ಟು ನುಣ್ಣಗೆ ಬೀಸಿಕೊಟ್ಟಿದ್ದ. ಅವಳು ಬೈದ ಬೈಗುಳ ಮಾತ್ರ ಒಂದಕ್ಷರ ಬಿಡದೆ ಕೇಳಿಸಿತ್ತು.

ಕ್ಯಾಸೆಟ್ಟು ಹಾಕಿದರೆ ಈಗ ತಬಲಾ ಗುಡುಗುತ್ತಿತ್ತೇ ಹೊರತು ನೀಲಕಂಠಸ್ವಾಮಿ ಎಲ್ಲೋ ಬಾವಿಯೊಳಗೆ ಹಾಡುತ್ತಿದ್ದ. ರೀಲು ಹಳೆಯದಾಯಿತು ಎಂದು ಕರಿಯಯ್ಯ ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದ. ಈಗ ಆ ಸುಳ್ಳಿಗೆ ಪರೀಕ್ಷೆ ಬಂದಿತ್ತು. ಆಳೆತ್ತರದ ಸೌಂಡ್‌ಬಾಕ್ಸು ಇಟ್ಟು ಎದುರಿಗೇ ಹಾಡುತ್ತಾರೆ. ಅಲ್ಲೂ ಕೇಳಿಸದಿದ್ದರೆ ತಪ್ಪು ರೀಲಿನದಲ್ಲ, ಕಿವಿಯದು.

ಭಾನುವಾರ ಮುಂದಿನ ಸಾಲಿನಲ್ಲೇ ಕೂರಬೇಕೆಂದು ಹತ್ತೂವರೆಗೆಲ್ಲ ಗಂಡಹೆಂಡಿರು ಹಂಪಾಪುರದಲ್ಲಿ ಬಸ್ಸಿಳಿದರು. ಶಾಲೆಯ ಮೈದಾನದಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು. ಶಾಮಿಯಾನವೂ ಇಲ್ಲ, ಬಾವುಟವೂ ಇಲ್ಲ. ರಸ್ತೆಬದಿಯ ಪೆಟ್ಟಿಗೆ ಅಂಗಡಿಯ ಮುದುಕನನ್ನು ಕೇಳಿದರೆ, ಅವನು ಬೀಡಿ ಕಚ್ಚಿಕೊಂಡೇ ಏನೋ ಹೇಳಿದ. ಬೀಡಿ ಕಚ್ಚಿದ ತುಟಿಯನ್ನು ಓದುವ ವಿದ್ಯೆ ಕರಿಯಯ್ಯನಿಗೆ ಇರಲಿಲ್ಲ. “ಹೂಂ ಹೂಂ” ಎಂದ.

“ಏನ್ ಹೂಂ?” ಸಾಕಮ್ಮ ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿದಳು. “ಇಲ್ಲಿ ಯಾವ ಪ್ರೋಗ್ರಾಮೂ ಇಲ್ವಂತೆ. ಅದು ಕೆ.ಆರ್. ನಗರದ ತಾವ ಇರೋ ಅಂಪಾಪುರ ಇರ್ಬೇಕು ಅಂತಾವ್ರೆ. ನಟರಾಜು ಯಾವ ಅಂಪಾಪುರ ಅಂದ?”

“ನಮ್ಮ ಅಂಪಾಪುರ ಅಂದ ಕಣಮ್ಮಿ! ನಮ್ಮ ಅಂದ್ರೆ ಇದೇ ತಾನೆ?”

ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನಟರಾಜು ಕೆ.ಆರ್. ನಗರಕ್ಕೆ ಮನೆಯಳಿಯನಾಗಿ ಹೋಗಿ ಹತ್ತು ವರ್ಷವಾಗಿತ್ತು. ಹತ್ತು ವರ್ಷ ಅತ್ತೆಮನೆಯ ಮುದ್ದೆ ಮುರಿದವನಿಗೆ ‘ನಮ್ಮ’ ಎಂಬ ಮಾತು ಯಾವ ಕಡೆ ವಾಲಿದೆ ಎಂದು ಇವರು ಯೋಚಿಸಿರಲಿಲ್ಲ. ಸಾಕಮ್ಮ ತಮ್ಮನನ್ನು ಬೈದಳು. ಕರಿಯಯ್ಯ ಬೈಯಲಿಲ್ಲ. ನಟರಾಜು ಆಮೇಲೆ ಹೇಳಿದ ‘ಏನೇನೋ’ದಲ್ಲಿ ಊರಿನ ಗುರುತೂ ಬಸ್ಸಿನ ದಾರಿಯೂ ಇದ್ದಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಯಾರಾದರೂ ಮೋಸ ಹೋಗುವಂಥದ್ದೇ, ಊರಿನ ಹೆಸರೇ ಹಾಗಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಸಮಾಧಾನ ಆಗಲಿಲ್ಲ.

“ಮನೆಗೋಗಣ್ವಾ?” ಎಂದ.

“ಇಪ್ಪತ್ತು ವರ್ಷದಿಂದ ಅವ್ರ ಭಜನೆ ಮಾಡಿ, ಈಗ ಮನೆಗಾ? ನಡೀರಿ.”

ಮೈಸೂರಿನ ಬಸ್ಸು ಮುಕ್ಕಾಲು ಗಂಟೆ ಬರಲಿಲ್ಲ. ಬಂದದ್ದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಸೂರಿನ ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಕಂಡಕ್ಟರು ಕೂಗಿದ್ದು ಇವನಿಗೆ ಕೇಳಿಸಿರಲಿಲ್ಲ, ಸಾಕಮ್ಮ ನೀರು ಕುಡಿಯಲು ಹೋಗಿದ್ದಳು. ಮುಂದಿನ ಬಸ್ಸಿನಲ್ಲಿ ಕೂತವನು ಗಳಿಗೆಗೊಮ್ಮೆ ಪಕ್ಕದವರ ಗಡಿಯಾರ ಇಣುಕಿದ. ಎರಡಾಯಿತು, ಎರಡೂಕಾಲಾಯಿತು. ನಡುವೆ ಒಂದು ಕೆಟ್ಟ ಆಸೆಯೂ ಹುಟ್ಟಿತು: ಟೈರು ಪಂಕ್ಚರಾಗಲಿ, ಹೋಗುವಷ್ಟರಲ್ಲಿ ಎಲ್ಲ ಮುಗಿದುಹೋಗಿರಲಿ. ತಪ್ಪಿಹೋಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದು. ಕೇಳಿಸಲಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಆ ಆಸೆಗೆ ಅವನಿಗೇ ನಾಚಿಕೆಯಾಯಿತು.

ಟೈರು ಗಟ್ಟಿಯಾಗಿತ್ತು. ಕೆ.ಆರ್. ನಗರದಿಂದ ಟೆಂಪೋ ಹಿಡಿದು ಆ ಇನ್ನೊಂದು ಹಂಪಾಪುರ ಸೇರುವಾಗ ಮೂರೂಮುಕ್ಕಾಲು. ಮೈದಾನದ ಬಾಗಿಲಲ್ಲೇ ನಟರಾಜು ಸಿಕ್ಕಿದ.

“ಎಲ್ಲೋಗಿದ್ರಿ ಭಾವ? ನಿಮ್ ಪುಣ್ಯ, ಇಷ್ಟೊತ್ತೂ ಬರೀ ಭಾಷಣ. ಈಗ ಶುರು ಕಣ್ರಿ.”

ಮೂರನೇ ಸಾಲಿನಲ್ಲಿ ಜಾಗ ಮಾಡಿಕೊಟ್ಟ. ಬಿಸಿಲು ಇಳಿಯುತ್ತಿತ್ತು. ವೇದಿಕೆಯ ಮೇಲೆ ಗಿಟಾರಿನವನ ತಲೆ ಪೂರ್ತಿ ಬೋಳಾಗಿತ್ತು, ಅಕಾರ್ಡಿಯನ್ನಿನವನು ಕುರ್ಚಿಯ ಮೇಲೆ ಕೂತಿದ್ದ. ನೀಲಕಂಠಸ್ವಾಮಿ ಬಂದ. ಫೋಟೋದಲ್ಲಿದ್ದ ಕ್ರಾಪು ಇರಲಿಲ್ಲ, ಹೊಟ್ಟೆ ಬಂದಿತ್ತು, ಆದರೆ ನಗು ಅದೇ. ಜನ ಸಿಳ್ಳೆ ಹೊಡೆದರು. ಕರಿಯಯ್ಯನ ಕಣ್ಣು ಒದ್ದೆಯಾಯಿತು. ಅಂತೂ ಕಂಡೆನಲ್ಲ!

ಡ್ರಮ್ಮು ಶುರುವಾಯಿತು. ಎದೆಗೂಡಿಗೇ ಬಂದು ಬಡಿಯಿತು. ಕೇಳಿಸುತ್ತಿದೆ! ಕರಿಯಯ್ಯ ಮುಂದಕ್ಕೆ ಬಾಗಿದ. ನೀಲಕಂಠಸ್ವಾಮಿ ಮೈಕು ಹಿಡಿದು ಬಾಯಿ ತೆರೆದ. ಡ್ರಮ್ಮಿನ ಧಡ್ ಧಡ್ ಬಿಟ್ಟರೆ ಏನೂ ಬರಲಿಲ್ಲ. ಕರಿಯಯ್ಯ ತಲೆ ಓರೆ ಮಾಡಿದ, ಕಿವಿಗೆ ಅಂಗೈ ಕೊಟ್ಟ, ತೆಗೆದ. ತುಟಿಯನ್ನಾದರೂ ಓದೋಣವೆಂದರೆ ತುಟಿಗೆ ಮೈಕು ಅಡ್ಡ. ಸುತ್ತ ಕೂತವರು ತಲೆದೂಗುತ್ತಿದ್ದರು. ಅವನೂ ದೂಗಿದ. ಜನ ಚಪ್ಪಾಳೆ ತಟ್ಟಿದಾಗ ಒಂದು ಗಳಿಗೆ ತಡವಾಗಿ ತಾನೂ ತಟ್ಟಿದ.

“ಮೈಕು ಸರಿಯಿಲ್ಲ ಕಣಮ್ಮಿ,” ಎಂದ.

ಸಾಕಮ್ಮ ಅವನನ್ನೇ ನೋಡಿದಳು. ಎರಡನೇ ಹಾಡು ಆಗಲೇ ಶುರುವಾಗಿತ್ತು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಬಿಡಿಸಿ ಬಿಡಿಸಿ ಕೇಳಿದಳು: “ಈಗ ಯಾವ ಆಡು ಯೋಳ್ತಾವ್ರೆ?”

ಏಳು ಕ್ಯಾಸೆಟ್ಟಿನ ಅಷ್ಟೂ ಹಾಡು ಅವನಿಗೆ ಬಾಯಿಪಾಠ. ಸುಳ್ಳು ಹೇಳಲು ಹೆಸರುಗಳು ಬೇಕಾದಷ್ಟಿದ್ದವು. ಹೇಳಲಾಗಲಿಲ್ಲ.

“ಕೇಳುಸ್ತಿಲ್ಲ ಕಣಮ್ಮಿ.”

“ನಂಗೊತ್ತು. ಹ್ವಾದ ವರ್ಷವೇ ಗೊತ್ತು. ನಿಮ್ ಬಾಯಲ್ಲೇ ಬರ್ಲಿ ಅಂತ ಸುಮ್ಕಿದ್ದೆ.”

ಕರಿಯಯ್ಯನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದಿನ ಇವಳ ಮುಂದೆ ಆಡಿದ ನಾಟಕವೆಲ್ಲ ನೀರಲ್ಲಿ ಹೋಮ ಮಾಡಿದಂತಾಗಿತ್ತು. ನಾಳೆ ಮಿಲ್ಲಿನ ಗತಿಯೇನು, ಕಿವಿ ಪೂರ್ತಿ ಹೋದರೆ ತನ್ನ ಗತಿಯೇನು ಎಂಬ ಭಯ ಹಾಗೇ ಇತ್ತು. ಸಾಕಮ್ಮ ಸರಿದು ಕೂತು, ಅವನ ಎಡಗಿವಿಗೆ ಬಾಯಿಟ್ಟಳು. ಹುಟ್ಟಿದಾಗಿಂದ ಒಂದು ಸೋಬಾನೆಯನ್ನೂ ನೆಟ್ಟಗೆ ಹಾಡದ ಹೆಂಗಸು, ಪಂಚಾಯ್ತಿ ಮುಂದೆ ಸಾಕ್ಷಿ ಹೇಳುವವಳಂತೆ ಗಟ್ಟಿಯಾಗಿ ಒಪ್ಪಿಸತೊಡಗಿದಳು.

“ಸಂತೆಗೋದೋನು ಸಂಜೆಗೂ ಬರ್ನಿಲ್ಲ ಅಂತಾವ್ರೆ. ಇನ್ನೊಂದ್ಸಲ ಅದ್ನೇ ಅಂತಾವ್ರೆ. ಈಗ ಆ ಬೋಳ ಗಿಟಾರು ಬಾರಿಸ್ತಾವ್ನೆ, ಮಾತಿಲ್ಲ. ತಾಳಿ. ಹಾಂ, ಬಾಗ್ಲಲ್ಲಿ ದೀಪ ಮಡಗವ್ಳೆ ಅಂತಾವ್ರೆ.”

ಮುಂದಿನ ಸಾಲಿನವರು ತಿರುಗಿ “ಶ್!” ಎಂದರು. ಅದೂ ಕರಿಯಯ್ಯನಿಗೆ ಕೇಳಿಸಲಿಲ್ಲ. ಸಾಕಮ್ಮನಿಗೆ ಕೇಳಿಸಿತು, ಲೆಕ್ಕಕ್ಕಿಡಲಿಲ್ಲ.

ಹಾಡು ಮುಗಿಯಿತು. ಮೈದಾನವೆಲ್ಲ ಚಪ್ಪಾಳೆ ತಟ್ಟಿ ಸುಮ್ಮನಾಯಿತು. ಸಾಕಮ್ಮ ಹಾಡಿಗಿಂತ ಇನ್ನೂ ಎರಡು ಸಾಲು ಹಿಂದಿದ್ದಳು. ಅವಳು ಹೇಳಿ ಮುಗಿಸುವವರೆಗೂ ಕರಿಯಯ್ಯ ಕಣ್ಣುಮುಚ್ಚಿ ಕೂತಿದ್ದ. ಆಮೇಲೆ ಒಬ್ಬನೇ ಚಪ್ಪಾಳೆ ತಟ್ಟಿದ.