ಬಾಗಿಲಲ್ಲಿ ನಿಂತ ಅಕ್ಕೋರು

ಬ್ರಿಟಿಷರಿದ್ದ ಕಾಲದಲ್ಲಿ ಹಳೇ ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರ ಬಾಗಿಲಲ್ಲಿ ದಿನಾ ಮುಂಜಾನೆ ಅಲ್ಲಿನ ಶಿಕ್ಷಕಿ ಶಿವಲಿಂಗವ್ವ ಅಕ್ಕೋರು ನಿಲ್ಲುತ್ತಿದ್ದರು. ಹತ್ತಿ ಗಿರಣಿಯ ಸಿಳ್ಳು ತಡವಾದೀತು, ಅವರು ತಡವಾಗುತ್ತಿರಲಿಲ್ಲ. ಬಿಚ್ಚಿದ ಜಡೆ, ಗಿಡ್ಡ ತೋಳಿನ ಕುಪ್ಪಸ ಓಣಿಯ ತಿರುವಿನಲ್ಲೇ ಅವರ ಕಣ್ಣಿಗೆ ಬೀಳುತ್ತಿದ್ದವು; ಅಂಥವರನ್ನು ಬಾಗಿಲಿಂದಲೇ ಮನೆಗೆ ಕಳಿಸುತ್ತಿದ್ದರು. ಶಾಲೆಯ ಹತ್ತಿರ ಬಂದರೆ ಗಾಳಿಯೂ ತಲೆ ತಗ್ಗಿಸಿ ಬೀಸುತ್ತದೆ ಎಂದು ಹುಡುಗಿಯರು ನಗುತ್ತಿದ್ದರು. “ಮಂದಿ ನೋಡ್ತಾರವಾ” ಎಂಬುದು ಅಕ್ಕೋರ ದಿನದ ಮಾತು. ಅರಳೆ ಗಾಳಿಯಲ್ಲಿ ತೇಲಿಬರುತ್ತಿದ್ದ ಒಂದು ಮುಂಜಾನೆ, ಲಂಗದಂಥ ಪರಕಾರ ಗಿಡ್ಡಾಗಿ ಕಾಲು ಕಾಣುತ್ತಿದ್ದ ದಾನವ್ವನೆಂಬ ಹುಡುಗಿಯನ್ನು ಅವರು ತಡೆದರು. “ಮನಿಗೆ ಹೋಗಿ ಉದ್ದಂದು ಹಾಕ್ಕೊಂಡು ಬಾ.” ದಾನವ್ವ ಕದಲಲಿಲ್ಲ. “ಹುಡುಗೂರು ಗಿಡ್ಡ ಚೊಣ್ಣ ಹಾಕ್ಕೊಂಡು ಮೊಣಕಾಲ ಬಿಟ್ಕೊಂಡು ಸಾಲಿಗೆ ಹೋಗ್ತಾರಲ್ರಿ ಅಕ್ಕೋರ, ಅವರನ್ನ ಯಾರೂ ಹೊಳ್ಳಿ ಕಳಸಂಗಿಲ್ಲ. ನಾ ಹೊಳ್ಳಿ ಹೋದ್ರ ಅಪ್ಪ ಮತ್ತ ಕಳಸಂಗಿಲ್ರಿ. ಸಾಲಿ ಬಿಡಸಾಕ ನೆವಾ ಹುಡಕಾಕತ್ತಾನ.” ಅಕ್ಕೋರು ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಕಿಟಕಿಯ ಬಿಸಿಲಲ್ಲಿ ಅವಳನ್ನು ನಿಲ್ಲಿಸಿ, ತಾವು ಅವಳ ಕಾಲ ಬಳಿ ನೆಲಕ್ಕೆ ಕೂತು ಪರಕಾರ ಉದ್ದ ಮಾಡಲು ಅಂಚಿನ ಮಡಿಕೆಯ ಹೊಲಿಗೆ ಬಿಚ್ಚತೊಡಗಿದರು. ಮಡಿಕೆಯೊಳಗಿನ ಬಟ್ಟೆ ಇನ್ನೂ ಮಾಸದ ನೀಲಿಯಾಗಿತ್ತು. “ನನ್ನ ಸಾಲಿ ಬಿಡಿಸಿದ್ದೂ ಇಂಥಾದ್ದಕ್ಕನ,” ಎಂದರು ಮೆಲ್ಲಗೆ. “ತಲಿ ಮ್ಯಾಲಿನ ಸೆರಗು ಜಾರಿತ್ತು. ಗಂಡ ತೀರಿಕೊಂಡ ಮ್ಯಾಲನ ಮತ್ತ ಕಲ್ತೆ.” ಮರುದಿನವೂ ಅವರು ಬಾಗಿಲಲ್ಲೇ ಇದ್ದರು, ಆದರೆ ಯಾರನ್ನೂ ತಡೆಯಲಿಲ್ಲ. ಗಂಟೆ ಬಾರಿಸಿ ಎಲ್ಲರೂ ಒಳಗೆ ಹೋದ ಮೇಲೂ, ತಾವೇ ಮನೆಗೆ ಕಳಿಸಿ ಮತ್ತೆ ಬಾರದೆ ಹೋದ ಹುಡುಗಿಯರ ದಾರಿ ನೋಡುತ್ತ ನಿಂತೇ ಇದ್ದರು.